ಆಗಿನ ಉತ್ತರ

ದೋಣಿ ಬಿಡುವುದಿಲ್ಲ ಎಂದರು.
ಮೊಣಕಾಲು ತೋರಿಸಲು ಅಬರ್ಡೀನಿಗೆ ಹೊರಟಿದ್ದ ಗಿಬ್ಬಿ
ಚೀಲದ ಸಮೇತ ಕುಂಟುತ್ತ ನಮ್ಮ ಮನೆಗೇ ಬಂದ.
ಲರ್ವಿಕ್ಕಿನಲ್ಲಿ ಮೂರಕ್ಕೇ ಕತ್ತಲೆ. ಗಾಳಿ
ಕಿಟಕಿಯ ಸಂದಿಗೆ ತುಟಿಯಿಟ್ಟು
ಖಾಲಿ ಸೀಸೆ ಊದಿದಂತೆ ಊದುತ್ತಿತ್ತು.

ಮಹಡಿಯಿಂದ ಓಸ್ಲಾ ಇಳಿದಳು, ಕೈಯಲ್ಲಿ ಸೂಪಿನ ಪಾತ್ರೆ,
ಬೆನ್ನ ಹಿಂದೆ ಮಗಳು ಸನ್ನಿವಾ, ಹದಿನಾಲ್ಕರ ಮೌನ.
ಮಂಚದಡಿಯಿಂದ ನಾನು ಹಳೆಯ ಆಟ ಎಳೆದೆ:
ಎರಡು ಸಾವಿರದ ಐದರ ಡಿಸ್ಕು,
ಕೆಂಪು ಟೋಪಿ ಹಾಕಿದ ನಾಲ್ಕು ಬಜರು.
ಒಂದಕ್ಕೆ ಹಳದಿ ಗುಂಡಿಯಿಲ್ಲ,
ಆ ತೂತಿಗೆ ಬೆಂಕಿಕಡ್ಡಿಯಿಂದ ಚುಚ್ಚಬೇಕು.
ಮನೆ ನನ್ನದಾದ್ದರಿಂದ ಅದು ನನ್ನ ಪಾಲು.

ಪರದೆಯ ಮೇಲೆ ಮಿರುಗುವ ಕೋಟಿನವನು ಹಲ್ಲು ಕಿರಿದ.
ಇಷ್ಟು ವರ್ಷ ಕತ್ತಲಲ್ಲಿ ಬಿದ್ದಿದ್ದರೂ
ಅವನದು ಒಂದೂ ಉದುರಿಲ್ಲ.
ಗಿಬ್ಬಿ ಈಚೆಗೆ ಮೂರು ಕಟ್ಟಿಸಿಕೊಂಡಿದ್ದಾನೆ.

ಸೂರ್ಯನ ಸುತ್ತ ಗ್ರಹಗಳೆಷ್ಟು?
ಸನ್ನಿವಾಳ ಬೆರಳು ಮಿಂಚು. ಎಂಟು.
ಗೊರ್ರ್ ಎಂದಿತು ಪೆಟ್ಟಿಗೆ.
ಗಿಬ್ಬಿ ನಿಧಾನಕ್ಕೆ ಒತ್ತಿದ, ಒಂಬತ್ತು. ಚಪ್ಪಾಳೆಯೋ ಚಪ್ಪಾಳೆ.
"ಮೋಸ!" ಎಂದಳು ಹುಡುಗಿ. ಆ ಸಂಜೆ ಅವಳಾಡಿದ ಮೊದಲ ಮಾತು.
"ಮೋಸ ಏನು ಬಂತು, ಆಗ ಒಂಬತ್ತಿದ್ದವು,"
ಎಂದ ಗಿಬ್ಬಿ, ಸೂಪಿಗೆ ಬ್ರೆಡ್ಡು ಅದ್ದುತ್ತ,
ಒಂಬತ್ತನೆಯದನ್ನು ತಾನೇ ಮೇವು ಹಾಕಿ ಸಾಕಿದ್ದವನಂತೆ.

ಜಗತ್ತಿನ ಅತಿ ಎತ್ತರದ ಕಟ್ಟಡ? ತೈಪೆಯದು.
ಯೂರೋಪಿನ ಒಕ್ಕೂಟದಲ್ಲಿ ದೇಶಗಳೆಷ್ಟು? ಇಪ್ಪತ್ತೈದು,
ಅದರಲ್ಲಿ ನಮ್ಮದೂ ಒಂದು.
ಅದಕ್ಕೆ ಮಾತ್ರ ಯಾರೂ ನಗಲಿಲ್ಲ.
ಗಿಬ್ಬಿಯ ಮೀನು ಗಡಿಯಲ್ಲಿ ಕಾಗದಕ್ಕೆ ಕಾದು
ನಾತ ಹಿಡಿದದ್ದು ಊರಿಗೇ ಗೊತ್ತು.

ಓಸ್ಲಾ ಶಾಲೆಯಲ್ಲಿ ವಿಜ್ಞಾನ ಹೇಳುವವಳು.
ಸುಳ್ಳೆಂದು ತಿಳಿದೂ ತಿಳಿದೂ ಒತ್ತಲು ಕೈ ಬಾರದು.
ಇವತ್ತಿನ ಸತ್ಯವನ್ನೇ ಒತ್ತಿ ಒತ್ತಿ
ಬೆನ್ನು ನೆಟ್ಟಗೆ ಮಾಡಿಕೊಂಡು ಸೊನ್ನೆಯಲ್ಲಿ ಕೂತಳು.
ನಾನೋ, ತುದಿನಾಲಿಗೆಯಲ್ಲಿ ಉತ್ತರ, ಕೈಯಲ್ಲಿ ಕಡ್ಡಿ.
ಕಡ್ಡಿ ಮುರಿದು ಇನ್ನೊಂದು ತೆಗೆಯುವಷ್ಟರಲ್ಲಿ
ಪ್ರಶ್ನೆ ದಾಟಿರುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಗಮನಿಸಿದೆ:
ಹುಡುಗಿ ಪರದೆ ನೋಡುವುದನ್ನೇ ಬಿಟ್ಟಿದ್ದಾಳೆ.
ಯಾವ ಉತ್ತರದ ಮೇಲೆ ಅಮ್ಮನ ಕಣ್ಣು ಕಸಿವಿಸಿಗೊಳ್ಳುತ್ತದೋ
ಅದನ್ನೇ ಒತ್ತುತ್ತಾಳೆ.
ಗಿಬ್ಬಿಯ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತೋ,
ಅದನ್ನೇ.
ತಾನು ಹುಟ್ಟುವ ಮೊದಲಿನ ಲೋಕವನ್ನು
ನಮ್ಮ ಹಣೆಯಿಂದ ನಕಲು ಹೊಡೆದು
ಗೆದ್ದೇಬಿಟ್ಟಳು.
"ಮೊಣಕಾಲು ನೋಯುತ್ತಿತ್ತು, ಅದಕ್ಕೆ," ಎಂದ ಗಿಬ್ಬಿ.

ಗೆದ್ದವರ ಪಟ್ಟಿಯಲ್ಲಿ ಹತ್ತೇ ಸಾಲು.
ಮೊದಲ ಆರು ಗಿಬ್ಬಿ.
ಆಮೇಲೆ ಗಿಬ್ಬಿಗೆ ಆಗ ಹೆಂಡತಿಯಾಗಿದ್ದವಳು.
ಆಮೇಲೆ ಎರಡು ಬೈಗುಳ, ಯಾರು ಬರೆದದ್ದೋ.
ಹತ್ತನೆಯದು ರಾಸ್ಮಿ. ನಾನು. ಒಂದೇ ಸಲ,
ಇಪ್ಪತ್ತರ ವಯಸ್ಸಿನ ಯಾವುದೋ ರಾತ್ರಿ
ಏನೇನೋ ಗೊತ್ತಿದ್ದಾಗ.

ಸನ್ನಿವಾ ಒಂದೊಂದೇ ಅಕ್ಷರ ಆರಿಸಿ
ಐದನೆಯ ಸಾಲಲ್ಲಿ ಕೂತಳು.
ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಇಳಿದರು,
ಅಂಚಿನಿಂದ ರಾಸ್ಮಿ ಬಿದ್ದ.
ಸದ್ದೂ ಆಗಲಿಲ್ಲ.
ಯಾರೂ ನೋಡಲಿಲ್ಲ, ಹಲ್ಲು ಕಿರಿದವನು ಕೂಡ.

"ಇನ್ನೊಂದಾಟ?" ಎಂದಳು.
ಗಾಳಿ ಇನ್ನೂ ಅದೇ ಸೀಸೆ ಊದುತ್ತಿತ್ತು.
ನಾನು ಕಡ್ಡಿಪೆಟ್ಟಿಗೆ ಬಗ್ಗಿಸಿ ಎಣಿಸಿದೆ:
ಎಂಟು.
ಮೂಲೆಯಲ್ಲೊಂದು, ಅರ್ಧ ಮುರಿದದ್ದು,
ಲೆಕ್ಕಕ್ಕೆ ಸೇರಿಸಲೋ ಬೇಡವೋ.